ರೋಕ್‌ಫೋರ್ ಚೀಸ್: ಗ್ಲುಟನ್ ಬಿಟ್ಟವರ ತಟ್ಟೆಗೆ ಸಲ್ಲುತ್ತದೆಯೇ?

ಗ್ಲುಟನ್ ಎಂಬುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಅದರಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಕಾರಣಕ್ಕೆ ಈ ಮೂರನ್ನೂ ಬಿಟ್ಟವರು ಸಾಮಾನ್ಯವಾಗಿ ಚೀಸನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ನೀಲಿ ಚೀಸಿನ ವಿಷಯದಲ್ಲಿ ಮಾತ್ರ ಹಿಂಜರಿಯುತ್ತಾರೆ. ಈ ಹಿಂಜರಿಕೆಗೆ ಆಧಾರವಿಲ್ಲದಿಲ್ಲ. ದಕ್ಷಿಣ ಫ್ರಾನ್ಸಿನ ರೋಕ್‌ಫೋರ್ ಚೀಸಿಗೆ ನೀಲಿ ಬಣ್ಣವನ್ನೂ ಘಾಟು ರುಚಿಯನ್ನೂ ಕೊಡುವ ಪೆನಿಸಿಲಿಯಂ ಎಂಬ ಬೂಷ್ಟನ್ನು ಸಂಪ್ರದಾಯದಂತೆ ಬೆಳೆಸುತ್ತಿದ್ದುದು ರೈ ಬ್ರೆಡ್ಡಿನ ಮೇಲೆಯೇ. ವಾರಗಟ್ಟಲೆ ಬಿಟ್ಟ ಬ್ರೆಡ್ಡಿನ ಒಳಗೆಲ್ಲ ಹಸಿರು ಹಬ್ಬಿದ ಮೇಲೆ ಅದನ್ನು ಒಣಗಿಸಿ, ಪುಡಿ ಮಾಡಿ, ಆ ಪುಡಿಯನ್ನು ಚೀಸಿಗೆ ಸೇರಿಸುತ್ತಿದ್ದರು. ಕೆಲವು ತಯಾರಕರು ಇಂದಿಗೂ ಈ ಕ್ರಮವನ್ನು ಬಿಟ್ಟಿಲ್ಲ. ಉಳಿದ ಅನೇಕರು ಪ್ರಯೋಗಾಲಯದಲ್ಲಿ ಬೆಳೆಸಿದ ಬೂಷ್ಟನ್ನು ಬಳಸುತ್ತಾರೆ.

ಹಾಗಿದ್ದರೂ ನನ್ನ ಅಭಿಪ್ರಾಯ ರೋಕ್‌ಫೋರ್‌ನ ಪರವಾಗಿಯೇ ಇದೆ. ಹಾಲಿನ ರಾಶಿಗೆ ಹೋಲಿಸಿದರೆ ಈ ಪುಡಿಯ ಪ್ರಮಾಣ ತೀರಾ ಅಲ್ಪ. ಅಂತರರಾಷ್ಟ್ರೀಯ ಆಹಾರ ಸಂಹಿತೆಯೂ ಭಾರತದ ನಿಯಮವೂ ಗ್ಲುಟನ್ ರಹಿತ ಆಹಾರಕ್ಕೆ ವಿಧಿಸಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಆಧಾರದ ಮೇಲೆ ಬೆಳೆಸಿದ ಬೂಷ್ಟಿನ ನೀಲಿ ಚೀಸುಗಳನ್ನು ಕೆನಡಾದ ಸೀಲಿಯಾಕ್ ಸಂಘ ಪರೀಕ್ಷೆಗೆ ಒಳಪಡಿಸಿದಾಗ ಅವುಗಳಲ್ಲಿ ಗ್ಲುಟನ್ ಪತ್ತೆಯಾಗಲಿಲ್ಲ. ಇಷ್ಟಾದರೂ ಮನಸ್ಸು ಒಪ್ಪದವರು ಬೂಷ್ಟನ್ನು ಬೆಳೆಸಿದ ಬಗೆಯನ್ನು ತಯಾರಕರನ್ನೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಚೀಸಿನ ಗುಣ. ಹಸಿ ಕುರಿಹಾಲಿನಿಂದ ಮಾಡಿ, ಕನಿಷ್ಠ 90 ದಿನ ಮಾಗಿಸುವ ಇದರ ಹೋಳನ್ನು ಬಿಚ್ಚಿದರೆ ಹಾಳೆಗೆ ನೀರಿನ ಪಸೆ ಅಂಟಿರುತ್ತದೆ. ದಂತದ ಬಣ್ಣದ ಮೈಯಲ್ಲಿ ಅಲ್ಲಲ್ಲಿ ನೀಲಿ-ಹಸಿರು ಗೂಡುಗಳು, ಗಾಳಿಯಾಡಲೆಂದು ಸೂಜಿಯಿಂದ ಚುಚ್ಚಿದ ಗೆರೆಗಳು ಕಾಣುತ್ತವೆ. ಬಾಯಿಗಿಟ್ಟರೆ ಮೊದಲು ಬೆಣ್ಣೆಯಂತೆ ಕರಗಿ, ಆಮೇಲೆ ಉಪ್ಪು, ಕೊನೆಗೆ ಮೂಗಿಗೇರುವ ಘಾಟು. ಉಪ್ಪು ತುಸು ಅತಿಯೇ ಎನ್ನಬೇಕು, ಬೆಲೆಯೂ ಕಡಿಮೆಯಲ್ಲ.

ನಿಜವಾದ ಅಪಾಯವಿರುವುದು ಚೀಸಿನ ಅಕ್ಕಪಕ್ಕದಲ್ಲಿ. ಹೋಟೆಲಿನ ನೀಲಿ ಚೀಸ್ ಸಾಸನ್ನು ಮೈದಾ ಹಾಕಿ ಗಟ್ಟಿ ಮಾಡಿರಬಹುದು, ಬಾಟಲಿಯ ಡ್ರೆಸಿಂಗಿಗೆ ಬಾರ್ಲಿಯ ಮಾಲ್ಟ್ ವಿನೆಗರ್ ಸೇರಿರಬಹುದು, ಚೀಸ್ ತಟ್ಟೆಯಲ್ಲಿ ಬಿಸ್ಕತ್ತಿನ ಪುಡಿ ಅಂಟಿದ ಚಾಕುವೇ ಎಲ್ಲ ಹೋಳುಗಳ ಮೇಲೂ ಆಡಿರಬಹುದು. ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆಂದು ಅರಿತ ನಮ್ಮವರಿಗೆ ಈ ಬಗೆಯ ಎಚ್ಚರ ಹೊಸದೇನಲ್ಲ. ಯುರೋಪಿನಲ್ಲಿಯೂ ಬ್ರಿಟನ್ನಿನಲ್ಲಿಯೂ ಪೊಟ್ಟಣದ ಮೇಲೆ ಗ್ಲುಟನ್ ಇರುವ ಧಾನ್ಯಗಳ ಹೆಸರನ್ನು ಎದ್ದು ಕಾಣುವಂತೆ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಮುಚ್ಚಿದ ಪೊಟ್ಟಣದ ಇಡೀ ಹೋಳನ್ನು ಕೊಂಡು, ಮನೆಯ ಚಾಕುವಿನಿಂದಲೇ ಕತ್ತರಿಸುವುದು ಕ್ಷೇಮ. ಜೊತೆಗೆ ಬಿಸ್ಕತ್ತಿನ ಬದಲು, ಬೇರೆ ಹಿಟ್ಟು ಬೆರೆಯದ ಜೋಳದ ಖಡಕ್ ರೊಟ್ಟಿಯ ಚೂರು ಸಾಕು; ಅದರ ಸಪ್ಪೆ ರುಚಿ ಚೀಸಿನ ಉಪ್ಪನ್ನು ಚೆನ್ನಾಗಿ ತಗ್ಗಿಸುತ್ತದೆ.

ಸಸ್ಯಾಹಾರಿಗಳಿಗೆ ಮಾತ್ರ ರೋಕ್‌ಫೋರ್ ಆಗದು, ಏಕೆಂದರೆ ಇದರ ಹಾಲನ್ನು ಒಡೆಸುವುದು ಪ್ರಾಣಿಮೂಲದ ರೆನೆಟ್ ಎಂಬ ಕಿಣ್ವದಿಂದ. ಅಂಥವರು ಪ್ರಾಣಿಮೂಲವಲ್ಲದ ರೆನೆಟ್ ಬಳಸಿದ ಇಂಗ್ಲೆಂಡಿನ ಸ್ಟಿಲ್ಟನ್ ಎಂಬ ನೀಲಿ ಚೀಸನ್ನು ಹುಡುಕಬಹುದು. ಹಸಿ ಹಾಲಿನದಾದ್ದರಿಂದ ಗರ್ಭಿಣಿಯರೂ ರೋಕ್‌ಫೋರ್‌ನಿಂದ ದೂರವಿರಬೇಕು.