ಬೀಡಿಂಗ್‌ನ ಒಳಮೂಲೆಗೆ ಯಾವ ಜಿಗ್‌ಸಾ? ಮಕೀಟಾ 4329 ಮತ್ತು ಅದರ ಪರ್ಯಾಯಗಳು

ಗೋಡೆಯ ಬುಡದ ಮರದ ಸ್ಕರ್ಟಿಂಗ್ ಅಥವಾ ಚಾವಣಿಯಂಚಿನ ಮೌಲ್ಡಿಂಗ್‌ನಂಥ ಬೀಡಿಂಗ್ ಪಟ್ಟಿಗಳನ್ನು ಕೂರಿಸುವಾಗ ಒಳಮೂಲೆಯಲ್ಲಿ ಎರಡೂ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಜೋಡಿಸಿ, ಉಳಿದ ಸಂದಿಗೆ ಪುಟ್ಟಿ ತುಂಬುವುದು ಸಾಮಾನ್ಯವಾಗಿ ಕಾಣುವ ಕ್ರಮ. ಆದರೆ ಗಾರೆಯ ಗೋಡೆಗಳು ನಿಖರವಾಗಿ 90 ಡಿಗ್ರಿಗೆ ಸೇರುವುದು ಅಪರೂಪ. ಮೇಲಾಗಿ ಮರವು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗಿ ಕುಗ್ಗುವುದರಿಂದ, ಮಳೆಗಾಲದಲ್ಲಿ ಬಿಗಿಯಾಗಿದ್ದ ಸಂದು ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಒಂದು ಪಟ್ಟಿಯನ್ನು ನೇರವಾಗಿ ಮೂಲೆಗೆ ಒತ್ತಿ, ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ಸರಿಯಾಗಿ ಕೂರುವಂತೆ ಕೊರೆದು ಹೊಂದಿಸುವ ಕೋಪಿಂಗ್ ವಿಧಾನದಲ್ಲಿ ಈ ತೊಂದರೆ ಬಹುಮಟ್ಟಿಗೆ ಕಣ್ಣಿಗೆ ಬೀಳದು. ಸಣ್ಣ ಕೈಗರಗಸದಿಂದಲೂ ಮಾಡಬಹುದಾದ ಈ ಕೆಲಸಕ್ಕೆ ಜಿಗ್‌ಸಾ, ಅಂದರೆ ಸಣ್ಣ ಬ್ಲೇಡ್ ಮೇಲಕ್ಕೂ ಕೆಳಕ್ಕೂ ಆಡುವ ವಿದ್ಯುತ್ ಗರಗಸ, ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಅಂಗಡಿಯಲ್ಲಿ ಮಾತು ಮೊದಲು ವ್ಯಾಟ್‌ಗಳಿಂದ ಆರಂಭವಾಗುತ್ತದೆ. ಈ ಕೆಲಸದ ಮಟ್ಟಿಗೆ ಅದು ಅತ್ಯಂತ ನಿರುಪಯುಕ್ತವಾದ ಅಂಕಿ. 12ರಿಂದ 18 ಮಿ.ಮೀ. ದಪ್ಪದ ಪಟ್ಟಿಯನ್ನು ಕೊರೆಯಲು 450 ವ್ಯಾಟ್‌ನ ಮಕೀಟಾ 4329 ಧಾರಾಳವಾಗಿ ಸಾಕು. ಇದರ ತೂಕ 1.9 ಕಿಲೋ, ಬ್ಲೇಡ್ ಮೇಲಕ್ಕೂ ಕೆಳಕ್ಕೂ ಚಲಿಸುವ ಅಂತರ 18 ಮಿ.ಮೀ.; ವೇಗವನ್ನು ನಿಮಿಷಕ್ಕೆ 500ರಿಂದ 3,100 ಹೊಡೆತಗಳ ನಡುವೆ ಬೇಕಾದಲ್ಲಿಗೆ ಹೊಂದಿಸಬಹುದು. ನನ್ನ ಮೆಚ್ಚುಗೆಗೆ ಮುಖ್ಯ ಕಾರಣ ಆ 500 ಎಂಬ ಕೆಳಮಿತಿ. ಬಳುಕಿನ ಗೆರೆಯಲ್ಲಿ ಕೈ ತಿರುಗುವ ವೇಗಕ್ಕೆ ಬ್ಲೇಡಿನ ವೇಗ ಹೊಂದದಿದ್ದರೆ ಗೆರೆ ತಪ್ಪುವುದು ಖಂಡಿತ. ಬ್ಯಾಟರಿಯಿಂದ ನಡೆಯುವ ಬಾಷ್ ಜಿಎಸ್‌ಟಿ 12ವಿ-70 ಇನ್ನೂ ಹಗುರವಾಗಿದ್ದು 1.5 ಕಿಲೋ ಮಾತ್ರ ತೂಗುತ್ತದೆ. ಆದರೆ ಅದರ ವೇಗ 1,500ರಿಂದಲೇ ಆರಂಭವಾಗುವುದರಿಂದ ಹೊಸಬರಿಗೆ ಅದನ್ನು ಸೂಚಿಸಲಾರೆ.

ಹಿಡಿಯ ವಿಚಾರದಲ್ಲಿ ಮಾತ್ರ 4329 ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೋಪಿಂಗ್‌ನಲ್ಲಿ ಜಿಗ್‌ಸಾವನ್ನು ಪಟ್ಟಿಯ ಮೇಲಿಟ್ಟು ಕೊಯ್ಯುವುದಕ್ಕಿಂತ, ಪಟ್ಟಿಯನ್ನು ಮುಖ ಮೇಲಾಗಿ ಮೇಜಿನ ಅಂಚಿಗೆ ಕ್ಲಾಂಪ್ ಮಾಡಿ, ಯಂತ್ರವನ್ನು ತಲೆಕೆಳಗಾಗಿ ಹಿಡಿದು ಕೆಳಗಿನಿಂದ ಕೊಯ್ಯುವುದು ಉತ್ತಮ. ಸಾಮಾನ್ಯ ಬ್ಲೇಡಿನ ಹಲ್ಲುಗಳು ಯಂತ್ರದ ಕಡೆಗೆ ಎಳೆಯುತ್ತಾ ಕೊಯ್ಯುವುದರಿಂದ, ಚಕ್ಕೆ ಏಳುವುದಾದರೂ ಪಟ್ಟಿಯ ಬೆನ್ನಿನಲ್ಲಿ ಏಳುತ್ತದೆ, ಕಾಣುವ ಮುಖ ನಯವಾಗಿ ಉಳಿಯುತ್ತದೆ, ಮತ್ತು ಕೊಯ್ಯಬೇಕಾದ ಗೆರೆ ಕಣ್ಣೆದುರಿಗೇ ಇರುತ್ತದೆ. ಹೀಗೆ ಹಿಡಿಯುವಾಗ ಮೇಲ್ಗಡೆ ಬಿಲ್ಲಿನಂಥ ಹಿಡಿಯಿರುವ ಯಂತ್ರದ ಸ್ವಿಚ್ಚು ಕೈಗೆ ಸಹಜವಾಗಿ ಒದಗುವುದಿಲ್ಲ. ಹಿಡಿಯೇ ಇಲ್ಲದೆ, ಯಂತ್ರದ ಉದ್ದನೆಯ ಒಡಲನ್ನೇ ಮುಷ್ಟಿಯಲ್ಲಿ ಹಿಡಿಯುವಂತಿರುವ ಬಾಷ್ ಜಿಎಸ್‌ಟಿ 150 ಸಿಇ ಈ ದೃಷ್ಟಿಯಿಂದ ಮೇಲು. ಆದರೆ ಅದರ 2.6 ಕಿಲೋ ತೂಕವನ್ನು ಕೆಳಗಿನಿಂದ ಎತ್ತಿ ಹಿಡಿದೇ ಕೆಲಸ ಮಾಡಬೇಕು. ದಿನವಿಡೀ ಇದೇ ಕೆಲಸ ಮಾಡುವ ಬಡಗಿಗೆ ಅದು, ಮನೆಯ ಎರಡು ಮೂರು ಕೋಣೆಗಳಿಗೆ 4329 ಎಂಬುದು ನನ್ನ ತೀರ್ಮಾನ.

ಯಾವ ಜಿಗ್‌ಸಾವಾದರೂ, ಕೊಯ್ಯುವಾಗ ಮರಕ್ಕೆ ತಾಗಿ ನಿಲ್ಲುವ ಅದರ ಚಪ್ಪಟೆ ಪಾದ ಇಲ್ಲಿ ಅಡ್ಡಿಯೇ. ಸಂದು ಮುಂಭಾಗದಲ್ಲಿ ಬಿಗಿಯಾಗಿ ಕೂರಲು ಹಿಂಭಾಗದ ಮರವನ್ನು ಸ್ವಲ್ಪ ಹೆಚ್ಚಾಗಿ ತೆಗೆಯಬೇಕು, ಅಂದರೆ ಬ್ಲೇಡ್ ವಾಲಿರಬೇಕು. ಪಾದವನ್ನು ಓರೆಯಾಗಿ ಬಿಗಿದರೆ ಅಗಲವಾದ ತಿರುವುಗಳಲ್ಲಿ ನಡೆಯುತ್ತದೆ. ಬಿಗಿಯಾದ ತಿರುವಿನಲ್ಲಿ ವಾಲಿದ ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ಕೊಯ್ಯುವ ದಿಕ್ಕು ಬದಲಾದರೆ ಓರೆಯೂ ತಿರುಗುಮುರುಗಾಗುತ್ತದೆ. ಅಮೆರಿಕದ ಬಡಗಿಗಳು ಇದಕ್ಕಾಗಿ ಕಾಲಿನ್ಸ್ ಕೋಪಿಂಗ್ ಫುಟ್ ಎಂಬ ಗುಮ್ಮಟಾಕಾರದ ಪಾದವನ್ನು ಮೂಲ ಪಾದದ ಜಾಗದಲ್ಲಿ ಬಳಸುತ್ತಾರೆ. ಅದರಿಂದ ಯಂತ್ರವನ್ನು ಯಾವ ಕಡೆಗೂ, ಕೊಯ್ಯುತ್ತಿರುವಾಗಲೇ, ವಾಲಿಸಬಹುದು. ಅದು ಪ್ರತಿಯೊಂದು ಮಾದರಿಗೂ ಹೊಂದುವುದಿಲ್ಲವಾದ್ದರಿಂದ ಮಾದರಿ ಸಂಖ್ಯೆಯನ್ನು ಹೋಲಿಸಿ ನೋಡಿದ ಮೇಲೆಯೇ ತರಿಸಬೇಕು. ಅದಿಲ್ಲದಿದ್ದರೆ, ತೆಗೆದುಹಾಕುವ ಭಾಗದಲ್ಲಿ ಗೆರೆಯವರೆಗೆ ಅಲ್ಲಲ್ಲಿ ಅಡ್ಡಸೀಳು ಹಾಕಿಕೊಂಡು, ಚೂರು ಚೂರಾಗಿ ತೆಗೆಯುತ್ತಾ ಹೋಗಿ, ಕೊನೆಯ ಅರ್ಧ ಮಿಲಿಮೀಟರನ್ನು ಅರಕ್ಕೆ ಬಿಡಬೇಕು.

ಯಂತ್ರಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡುವುದು ಬ್ಲೇಡ್. ಪೆಟ್ಟಿಗೆಯೊಂದಿಗೆ ಬರುವ ಅಗಲವಾದ ಬ್ಲೇಡ್ ನೇರ ಕೊಯ್ತಕ್ಕೆ ಸರಿ, ತಿರುವಿಗಲ್ಲ. ಬಾಷ್ ಟಿ101ಎಒ ಎಂಬ ಕಿರಿದಾದ, ನುಣುಪು ಹಲ್ಲಿನ ಬ್ಲೇಡ್ 15 ಮಿ.ಮೀ.ವರೆಗಿನ ಮರದಲ್ಲಿ ಬಳುಕಿನ ಕೊಯ್ತಕ್ಕೆಂದೇ ಆದದ್ದು. ತೇಗದ ತೆಳು ಬೀಡಿಂಗ್‌ಗೆ ನಾನು ಬೇರೇನನ್ನೂ ಹುಡುಕುವುದಿಲ್ಲ. ಅದಕ್ಕಿಂತ ದಪ್ಪವಾದ ಪಟ್ಟಿಗೆ ಟಿ244ಡಿ ಇದೆ, ಆದರೆ ಅದರ ದೊಡ್ಡ ಹಲ್ಲುಗಳು ಒರಟಾದ ಅಂಚನ್ನು ಬಿಡುತ್ತವೆ. ಬ್ಲೇಡನ್ನು ಮುಂದಕ್ಕೂ ಹಿಂದಕ್ಕೂ ತೂಗಿಸುವ ಪೆಂಡುಲಂ ಚಲನೆಯನ್ನು ಸೊನ್ನೆಗೆ ಇಡುವುದು ಕಡ್ಡಾಯ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲ್ಲಾ ಕಂಪನಿಯ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದ ಸೂಜಿಯ ಜಾಗದಲ್ಲಿ ಗರಗಸದ ಬ್ಲೇಡ್ ಸಿಕ್ಕಿಸಿ ಈ ಉಪಕರಣವನ್ನು ರೂಪಿಸಿದರೆಂಬುದನ್ನು ನೆನೆದರೆ, ಸಣ್ಣ ಬ್ಲೇಡಿನ ಸೂಕ್ಷ್ಮ ಕೆಲಸ ಇದರ ಹುಟ್ಟುಗುಣವೇ ಎನ್ನಬೇಕು.

ಮೇಜಿಗೆ ಜೋಡಿಸಿದ ಸಣ್ಣ ಬ್ಲೇಡಿನ ಗರಗಸವಾದ ಸ್ಕ್ರೋಲ್ ಸಾ ಅತಿ ಸೊಗಸಾಗಿ ಕೊಯ್ಯುತ್ತದೆಯಾದರೂ ಎಂಟು ಅಡಿಯ ಪಟ್ಟಿಯನ್ನು ಅದರ ಮೇಜಿನ ಮೇಲೆ ತಿರುಗಿಸುವುದು ಸಾಧ್ಯವಿಲ್ಲದ ಮಾತು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಸ್ಕರ್ಟಿಂಗ್ ಆದರೆ ಗರಗಸವನ್ನೇ ಬಿಟ್ಟು, ನಾಲ್ಕು ಇಂಚಿನ ಆಂಗಲ್ ಗ್ರೈಂಡರಿಗೆ ಮರಳುಕಾಗದದಂಥ ಎಸಳುಗಳಿರುವ ಒರಟು ಫ್ಲ್ಯಾಪ್ ಡಿಸ್ಕ್ ಹಾಕಿ ಹಿಂಭಾಗವನ್ನು ಉಜ್ಜಿ ತೆಗೆಯುವುದು ಹೆಚ್ಚು ಬೇಗ. ಆದರೆ ಏಳುವ ದೂಳು ಅಪಾರವಾದ್ದರಿಂದ ಎನ್95 ಮಾಸ್ಕ್ ಇಲ್ಲದೆಯಾಗಲಿ, ಮನೆಯೊಳಗಾಗಲಿ ಇದನ್ನು ಮಾಡಕೂಡದು. ಗ್ರೈಂಡರಿಗೆ ಹಲ್ಲಿನ ಮರಗೊಯ್ಯುವ ಚಕ್ರವನ್ನಂತೂ ಎಂದೂ ಹಾಕಬಾರದು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಬ್ಲೇಡ್ ಸಿಕ್ಕಿಸಿ, ವೇಗವನ್ನು ಕನಿಷ್ಠಕ್ಕೆ ಇಳಿಸಿ ಒಮ್ಮೆ ಓಡಿಸಿ ನೋಡಿ. ಪ್ಲಗ್ ತೆಗೆದ ಮೇಲೆ ಬ್ಲೇಡಿನ ತುದಿಯನ್ನು ಬೆರಳಿನಿಂದ ಅಕ್ಕಪಕ್ಕಕ್ಕೆ ಒತ್ತಿದಾಗ, ಬ್ಲೇಡ್ ಬಾಗುವುದಷ್ಟೇ ಅಲ್ಲದೆ ಅದನ್ನು ಹಿಡಿದಿರುವ ಕಂಬಿಯೇ ಅಲುಗಾಡಿದರೆ, ಆ ಯಂತ್ರವನ್ನು ಬಿಟ್ಟು ಇನ್ನೊಂದನ್ನು ತೆಗೆಯಲು ಹೇಳಿ.