ಶಾಲೆಯ ಊಟ, ಮನೆಯ ಡಬ್ಬಿ: ಒಂದು ವರ್ಷದ ಅನುಭವ

ಮಗಳ ಶಾಲೆಯ ಮಧ್ಯಾಹ್ನದ ಊಟದ ವ್ಯವಸ್ಥೆಗೆ ಸೇರಿ ಒಂದು ವರ್ಷವಾಯಿತು. ಅದಕ್ಕೂ ಮೊದಲು ಪ್ರತಿದಿನ ಡಬ್ಬಿ ಕಟ್ಟುತ್ತಿದ್ದುದರಿಂದ ಎರಡನ್ನೂ ಹೋಲಿಸಿ ನೋಡುವ ಅವಕಾಶ ದೊರೆತಿದೆ.

ಶಾಲೆಯ ಊಟದ ದೊಡ್ಡ ಗುಣವೆಂದರೆ ಅದರ ಬಿಸಿ. ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿಡಬೇಕು, ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಳಿಗ್ಗೆ ಏಳಕ್ಕೆ ತುಂಬಿದ ಡಬ್ಬಿಯನ್ನು ಮಗು ಹನ್ನೆರಡೂವರೆಗೆ ತೆರೆಯುವಷ್ಟರಲ್ಲಿ ಆ ಗಡುವು ಎಂದೋ ಮುಗಿದಿರುತ್ತದೆ. ಮನೆಯಲ್ಲಿ ತರಕಾರಿ ಕಂಡರೆ ಮುಖ ತಿರುಗಿಸುವ ಮಗಳು ಗೆಳತಿಯರ ಸಾಲಿನಲ್ಲಿ ಕುಳಿತು ಅದನ್ನೇ ಸದ್ದಿಲ್ಲದೆ ತಿನ್ನುವುದನ್ನು ಪೋಷಕರ ಭೇಟಿಯ ದಿನ ಕಣ್ಣಾರೆ ಕಂಡೆ. ತುಸು ಅಸೂಯೆಯಾಯಿತೆಂದು ಒಪ್ಪಿಕೊಳ್ಳಲೇಬೇಕು.

ಆದರೆ ಆರು ವರ್ಷದ ಮಗುವಿಗೂ ಹನ್ನೆರಡರ ಹುಡುಗನಿಗೂ ಅಳತೆಯ ಸೌಟು ಒಂದೇ. ದೊಡ್ಡವರು ಹಸಿದುಕೊಂಡೇ ಏಳುತ್ತಾರೆ, ಚಿಕ್ಕವರ ತಟ್ಟೆಯಲ್ಲಿ ಅರ್ಧ ಉಳಿಯುತ್ತದೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕೆಂದು ಅದೇ ಸಂಸ್ಥೆ ಹೇಳುತ್ತಿರುವಾಗ, ಪಟ್ಟಿಯಲ್ಲಿ ಹಣ್ಣು ಎಂದಿದ್ದ ದಿನಗಳಲ್ಲೂ ಹಲವು ಬಾರಿ ಸಿಹಿ ಪಾನೀಯ ಕೊಟ್ಟದ್ದು ನನಗೆ ಸರಿಯೆನಿಸಲಿಲ್ಲ. ಮಗನಿಗೆ ಶೇಂಗಾ ಅಲರ್ಜಿಯಿರುವ ತಾಯಿಯೊಬ್ಬರು, ಅಡುಗೆಯಲ್ಲಿ ಏನೇನು ಬಳಸಿದ್ದಾರೆಂಬ ವಿವರ ಲಿಖಿತವಾಗಿ ಸಿಗುವವರೆಗೆ ಡಬ್ಬಿಯನ್ನು ಬಿಡುವುದಿಲ್ಲವೆಂದಿದ್ದಾರೆ, ಮತ್ತು ಅವರ ಎಚ್ಚರಿಕೆ ನ್ಯಾಯವಾದುದೇ.

ಡಬ್ಬಿಯನ್ನು ಹೊಗಳುವವರು, ಅವಸರದ ದಿನಗಳಲ್ಲಿ ಅದರೊಳಗೆ ಪೊಟ್ಟಣದ ಬಿಸ್ಕತ್ತು, ಚಿಪ್ಸ್ ಸೇರುವುದನ್ನು ಮಾತ್ರ ಹೇಳುವುದಿಲ್ಲ. ನಾನೂ ಅದನ್ನು ಮಾಡಿದವಳೇ. ಸದ್ಯ ಊಟ ಶಾಲೆಯದು, ಹಣ್ಣು ಮನೆಯದು ಎಂದು ಇಟ್ಟುಕೊಂಡಿದ್ದೇನೆ. ಐದಕ್ಕೆ ಮೂರೂವರೆ ಅಂಕ.