ಥೀಮ್ ಪಾರ್ಕ್ ವಾರ್ಷಿಕ ಪಾಸ್: ಕೋವಿಡ್ ನಡುವೆ ಗೇಟ್ ತೆರೆದಾಗಿನಿಂದ ಬಳಸಿ ಬರೆದದ್ದು

ಐದಕ್ಕೆ ಮೂರೂವರೆ ಸ್ಟಾರ್. ಮೊದಲ ವರ್ಷಕ್ಕಷ್ಟೇ ಅಂಕ ಕೊಡಿ ಅಂದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಆಮೇಲೆ ಪಾರ್ಕಿನವರೇ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡರು.

ಲಾಕ್‌ಡೌನ್ ಸಡಿಲವಾಗಿ ಪಾರ್ಕ್ ಮತ್ತೆ ತೆರೆದಾಗ ಈ ಪಾಸ್ ತೆಗೆದುಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ನವೀಕರಿಸುತ್ತಲೇ ಬಂದಿದ್ದೇನೆ. ಯಾವ ರೈಡ್ ಚೆನ್ನಾಗಿದೆ, ಊಟ ಹೇಗಿದೆ ಅಂತ ಹೇಳುವ ವಿಮರ್ಶೆಗಳು ಬೇಕಾದಷ್ಟಿವೆ. ಇಲ್ಲಿ ನಾನು ನೋಡುತ್ತಿರುವುದು ಒಂದೇ ವಿಷಯ. ಸುರಕ್ಷಿತವಾಗಿ ತೆರೆಯುತ್ತೇವೆ ಅಂತ ಹೇಳಿ ಮಾಡಿದ ಏರ್ಪಾಡುಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರೀ ತೋರಿಕೆ, ಈಗ ಏನು ಉಳಿದಿದೆ?

ಆಗಿನ ಪರಿಸ್ಥಿತಿ ಸ್ವಲ್ಪ ನೆನಪಿಸಿಕೊಳ್ಳಿ. 2020ರ ಜನವರಿ ಕೊನೆಯಲ್ಲಿ ಶಾಂಘೈ ಡಿಸ್ನಿಲ್ಯಾಂಡ್ ಮುಚ್ಚಿತು. ಮಾರ್ಚ್ ಮಧ್ಯದ ಹೊತ್ತಿಗೆ ಜಗತ್ತಿನ ದೊಡ್ಡ ದೊಡ್ಡ ಪಾರ್ಕುಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದ್ದವು. ಮೇ 11ಕ್ಕೆ ಶಾಂಘೈ ಮತ್ತೆ ತೆರೆಯಿತು. ದಿನಕ್ಕೆ 80,000 ಜನ ಹಿಡಿಸುವ ಆ ಪಾರ್ಕಿಗೆ ಸರ್ಕಾರ ಹಾಕಿದ ಮಿತಿ ಶೇ 30, ಅಂದರೆ 24,000. ಡಿಸ್ನಿ ಅದಕ್ಕಿಂತಲೂ ಕಡಿಮೆ ಜನರಿಂದ ಶುರು ಮಾಡಿತು. ಜೂನ್ 5ಕ್ಕೆ ಯೂನಿವರ್ಸಲ್ ಒರ್ಲಾಂಡೊ ತೆರೆಯಿತು. ಜುಲೈ 1ಕ್ಕೆ ಟೋಕಿಯೊ ಡಿಸ್ನಿ, ಜುಲೈ 11ಕ್ಕೆ ಫ್ಲೋರಿಡಾದ ಡಿಸ್ನಿ ವರ್ಲ್ಡ್. ಅದೇ ಕಂಪನಿಯ ಕ್ಯಾಲಿಫೋರ್ನಿಯಾ ಪಾರ್ಕ್ ಮಾತ್ರ 2021ರ ಏಪ್ರಿಲ್ 30ರವರೆಗೆ ಕಾಯಬೇಕಾಯಿತು. ತೆರೆದ ಮೇಲೂ ಶೇ 25 ಮಿತಿ, ಅದೂ ಆ ರಾಜ್ಯದವರಿಗೆ ಮಾತ್ರ. ಕಂಪನಿ ಒಂದೇ, ದೇಶವೂ ಒಂದೇ, ಆದರೂ ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನ ಪಾಡಂತೂ ಇನ್ನೂ ಕಷ್ಟ. 2020ರ ಜೂನ್ 18ಕ್ಕೆ ತೆರೆದು, ಜುಲೈ 15ಕ್ಕೆ ಮತ್ತೆ ಮುಚ್ಚಿತು.

ಹಾಗಾಗಿ ಪಾಸ್ ತೆಗೆದುಕೊಳ್ಳುವಾಗ ನಾನು ಮೊದಲು ಕೇಳಿದ್ದು, ನಾಳೆ ಮತ್ತೆ ಮುಚ್ಚಿದರೆ ನನ್ನ ದುಡ್ಡಿನ ಗತಿ ಏನು ಅಂತ. ಮುಚ್ಚಿದಷ್ಟು ದಿನ ಪಾಸ್ ತಾನಾಗಿಯೇ ಮುಂದಕ್ಕೆ ಹೋಗುತ್ತದೆ ಎಂದರು. ಮುಂದೆ ಮುಚ್ಚಿದಾಗ ಹಾಗೆಯೇ ಆಯಿತು. ಫಾರ್ಮ್ ತುಂಬುವ, ಫೋನ್ ಮಾಡಿ ಗೋಗರೆಯುವ ಕೆಲಸ ಇರಲಿಲ್ಲ. ಇದಕ್ಕೆ ಪೂರ್ತಿ ಅಂಕ.

ಇನ್ನು ಮುಖ್ಯ ಏರ್ಪಾಡು, ಮುಂಗಡ ಬುಕಿಂಗ್. ಪಾಸ್ ಇದ್ದರೂ ಬರುವ ದಿನವನ್ನು ಮೊದಲೇ ಕಾಯ್ದಿರಿಸಬೇಕು. ಆ ದಿನದ ಮಿತಿ ಮುಗಿದರೆ ಅಷ್ಟೇ. ಮೊದಮೊದಲು ಎಲ್ಲರೂ ಗೊಣಗಿದರು. ಪಾಸ್ ಇರುವುದೇ ಮನಸ್ಸು ಬಂದಾಗ ಎದ್ದು ಹೋಗಲು, ಅಲ್ವಾ? ಆದರೆ ಇಷ್ಟು ವರ್ಷ ನೋಡಿದ ಮೇಲೆ ಹೇಳುತ್ತೇನೆ, ಪಾರ್ಕ್ ಮಾಡಿದ ಕೆಲಸಗಳಲ್ಲಿ ಅತಿ ದೊಡ್ಡದು ಇದೇ. ಒಳಗೆ ಜನ ಕಡಿಮೆ ಇದ್ದರೆ ಉಳಿದ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ.

ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ರೋಲರ್ ಕೋಸ್ಟರಿನ ಒಂದು ರೈಲಿನಲ್ಲಿ 24 ಸೀಟು, ಎರಡು ನಿಮಿಷಕ್ಕೊಂದು ರೈಲು ಹೊರಡುತ್ತದೆ ಅಂದುಕೊಳ್ಳಿ. ಗಂಟೆಗೆ 720 ಜನ. ಒಂದು ಸಾಲು ಬಿಟ್ಟು ಒಂದು ಸಾಲು ಕೂರಿಸಿದರೆ 360. ನಡುವೆ ಸೀಟು ಒರೆಸಲು ಇನ್ನೊಂದು ನಿಮಿಷ ಸೇರಿಸಿ, 240ಕ್ಕೆ ಇಳಿಯಿತು. ಅಂದರೆ ರೈಡಿನ ಶಕ್ತಿ ಮೂರರಲ್ಲಿ ಒಂದು ಪಾಲು. ಇತ್ತ ಸಾಲಿನಲ್ಲಿ ಗುಂಪು ಗುಂಪಿನ ನಡುವೆ ಆರು ಅಡಿ ಬಿಡಬೇಕು. ನೂರು ಗುಂಪಿಗೆ ಬರೀ ಅಂತರವೇ 600 ಅಡಿ, ಹತ್ತಿರ ಹತ್ತಿರ 180 ಮೀಟರ್. ನೆರಳಿಗೆ ಅಂತ ಕಟ್ಟಿದ ಸಾಲಿನ ಜಾಗ ಅಷ್ಟಕ್ಕೆ ಸಾಕಾಗುವುದಿಲ್ಲ. ಸಾಲು ಹೊರಗೆ ಬಂದು, ನಡೆಯುವ ದಾರಿಗೆ ಅಡ್ಡ ಬಂದು, ಪಕ್ಕದ ರೈಡಿನ ಸಾಲಿಗೆ ಮುಟ್ಟುತ್ತದೆ. ಅಂತರ ಕಾಪಾಡಲು ಮಾಡಿದ್ದೇ ದಾರಿಯಲ್ಲಿ ನೂಕುನುಗ್ಗಲಿಗೆ ಕಾರಣವಾಗುತ್ತದೆ. ಜನರ ಸಂಖ್ಯೆ ಇಳಿಸದೆ ನೆಲಕ್ಕೆ ಸ್ಟಿಕ್ಕರ್ ಅಂಟಿಸಿದರೆ ಆಗುವುದು ಇಷ್ಟೇ.

ನಮ್ಮ ಪಾರ್ಕಿನವರು ಮೊದಲ ವರ್ಷ ಇದನ್ನು ಅರ್ಥ ಮಾಡಿಕೊಂಡಿದ್ದರು. ಮಿತಿಯೂ ಇತ್ತು, ಜತೆಗೆ ಫೋನಿನಲ್ಲೇ ಸಾಲು ಹಿಡಿಯುವ ವ್ಯವಸ್ಥೆಯೂ ಇತ್ತು. ಆ್ಯಪ್‌ನಲ್ಲಿ ರೈಡ್ ಒತ್ತಿದರೆ ನಿಮ್ಮ ಸರದಿಯ ಸಮಯ ಬರುತ್ತದೆ. ಅಲ್ಲಿಯವರೆಗೆ ಮರದ ಕೆಳಗೆ ಕೂತಿರಬಹುದು. ಫೋನ್ ಚಾರ್ಜ್ ಮಾತ್ರ ಬೇಗ ಮುಗಿಯುತ್ತಿತ್ತು. ಪವರ್ ಬ್ಯಾಂಕ್ ಬಾಡಿಗೆಗೆ ಕೊಡುವ ಅಂಗಡಿಯ ಮುಂದೆ ಉದ್ದನೆಯ ಸಾಲು, ಅದಕ್ಕೆ ಆ್ಯಪ್ ಇರಲಿಲ್ಲ!

ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜ್ವರ ಬರುವ ಮೊದಲೇ ಸೋಂಕು ಹರಡಬಹುದು. ಎಷ್ಟೋ ಜನಕ್ಕೆ ಜ್ವರವೇ ಬರುವುದಿಲ್ಲ. ಬಂದವರು ಮಾತ್ರೆ ನುಂಗಿ ಬಂದರೆ ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ. ಬಿಸಿಲಲ್ಲಿ ನಡೆದು ಬಂದವರನ್ನು ನೆರಳಲ್ಲಿ ಕೂರಿಸಿ ಮತ್ತೆ ನೋಡುತ್ತಿದ್ದರು, ಅಷ್ಟೇ. ಡಿಸ್ನಿ ವರ್ಲ್ಡ್ 2021ರ ಮೇ ತಿಂಗಳಲ್ಲೇ ಇದನ್ನು ಕೈಬಿಟ್ಟಿತು. ನಮ್ಮಲ್ಲಿ ಅದಾದ ಮೇಲೂ ಬಹಳ ದಿನ ಇತ್ತು.

ಸ್ಪ್ರೇ ಹೊಡೆಯುವುದೂ ಹಾಗೆಯೇ. ವಸ್ತು ಮುಟ್ಟುವುದರಿಂದ ಹರಡುತ್ತದೆ ಅನ್ನುವ ಭಯ ಮೊದಲ ತಿಂಗಳುಗಳಲ್ಲಿ ಇದ್ದದ್ದು ಸಹಜ. ಆದರೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸ್ಪಷ್ಟವಾಗಿ ಹೇಳಿತು. ವೈರಸ್ ಇರುವ ಜಾಗವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಗೊತ್ತಾದ ಮೇಲೂ ಪ್ರತಿ ರೈಲಿಗೂ ಸ್ಪ್ರೇ ಹೊಡೆದು ಜನರನ್ನು ಇಕ್ಕಟ್ಟಿನ ಸಾಲಿನಲ್ಲಿ ಇನ್ನಷ್ಟು ಹೊತ್ತು ನಿಲ್ಲಿಸಿದ್ದು ತಪ್ಪು ಲೆಕ್ಕ. ಸೀಟು ಶುಚಿಯಾಗಿರಲಿ, ಬೇಡ ಅನ್ನುವುದಿಲ್ಲ. ದಿನಕ್ಕೆ ಕೆಲವು ಸಲ ಒರೆಸಿದರೆ ಸಾಕಿತ್ತು.

ಮಾಸ್ಕ್ ವಿಷಯದಲ್ಲಿ ಪಾರ್ಕುಗಳು ತಲೆ ಓಡಿಸಿದ್ದು ಮೆಚ್ಚಬೇಕು. ಜನ ಕೈಯಲ್ಲಿ ಒಂದು ಲೋಟ ಹಿಡಿದು, ಕುಡಿಯುತ್ತಿದ್ದೇನೆ ಅನ್ನುವ ನೆಪದಲ್ಲಿ ಇಡೀ ದಿನ ಮಾಸ್ಕ್ ಇಳಿಸಿಕೊಂಡು ತಿರುಗುತ್ತಿದ್ದರು. ಡಿಸ್ನಿ ವರ್ಲ್ಡ್ ತೆರೆದ ಕೆಲವೇ ದಿನಗಳಲ್ಲಿ, ತಿನ್ನುವುದು ಕುಡಿಯುವುದು ಒಂದು ಕಡೆ ನಿಂತೇ ಮಾಡಬೇಕು ಅಂತ ನಿಯಮ ಬದಲಿಸಿತು. ರೈಡಿನಲ್ಲಿ ಮಾಸ್ಕ್ ಇಳಿಸಿದ್ದರೆ ಅಲ್ಲಿ ತೆಗೆಯುವ ಫೋಟೊ ಕೊಡುತ್ತಿರಲಿಲ್ಲ. ದಂಡಕ್ಕಿಂತ ಫೋಟೊ ಸಿಗದಿರುವುದೇ ಜನರಿಗೆ ಜಾಸ್ತಿ ಬೇಜಾರು.

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ. ರೋಲರ್ ಕೋಸ್ಟರಿನಲ್ಲಿ ಕಿರುಚಬೇಡಿ ಎಂದರು. ಫ್ಯೂಜಿ-ಕ್ಯೂ ಹೈಲ್ಯಾಂಡ್ ಪಾರ್ಕಿನ ಹಿರಿಯ ಅಧಿಕಾರಿಗಳಿಬ್ಬರು ಸೂಟು, ಮಾಸ್ಕ್ ಹಾಕಿಕೊಂಡು ಫ್ಯೂಜಿಯಾಮಾ ಕೋಸ್ಟರ್ ಹತ್ತಿ, ತುಟಿ ಪಿಟಕ್ ಅನ್ನದೆ ಕೂತು ವಿಡಿಯೊ ಮಾಡಿಸಿದರು. ಕಿರುಚುವುದಿದ್ದರೆ ಮನಸ್ಸಿನೊಳಗೇ ಕಿರುಚಿ ಅನ್ನುವುದು ಕೊನೆಯ ಸಂದೇಶ. 79 ಮೀಟರ್ ಎತ್ತರದಿಂದ ಬೀಳುವಾಗ! ನಗು ಬರುತ್ತದೆ, ಆದರೆ ಹಿಂದೆ ಇರುವ ಕಾರಣ ಸರಿಯೇ. ಸುಮ್ನೆ ಉಸಿರಾಡುವುದಕ್ಕಿಂತ ಕೂಗುವಾಗ ಬಾಯಿಂದ ಬರುವ ಸಣ್ಣ ಹನಿಗಳು ಎಷ್ಟೋ ಪಟ್ಟು ಜಾಸ್ತಿ. ನಮ್ಮ ಪಾರ್ಕಿನಲ್ಲೂ ಕಿರುಚಬೇಡಿ ಅನ್ನುವ ಬೋರ್ಡ್ ಹಾಕಿದ್ದರು. ಅದನ್ನು ಓದಿದವರು ಇಳಿಜಾರು ಬಂದ ಕೂಡಲೇ ಏನು ಮಾಡಿದರು ಅಂತ ಹೇಳಬೇಕಿಲ್ಲ.

ಇದೆಲ್ಲದರ ಭಾರ ಬಿದ್ದದ್ದು ರೈಡ್ ನಡೆಸುವ ಹುಡುಗ ಹುಡುಗಿಯರ ಮೇಲೆ. ಒಂದು ಸಲ ಸಾಲು ಖಾಲಿ ಇದ್ದಾಗ ಅಲ್ಲಿನ ಹುಡುಗನನ್ನು ಮಾತಾಡಿಸಿದೆ. "ನಾನು ಬಾರ್ ಸರಿಯಾಗಿ ಕೂತಿದೆಯಾ ನೋಡಲಾ, ಮಾಸ್ಕ್ ಸರಿಯಾಗಿದೆಯಾ ನೋಡಲಾ?" ಎಂದ. ನಿಜ ತಾನೇ. ಸೀಟಿನಲ್ಲಿ ಜನರನ್ನು ಹಿಡಿದಿಡುವ ಆ ಬಾರ್ ಎಳೆದು ನೋಡಲು ಅವನು ಪ್ರತಿಯೊಬ್ಬರ ಮುಖದ ಹತ್ತಿರಕ್ಕೆ ಬಗ್ಗಲೇಬೇಕು. ಆರು ಅಡಿ ದೂರದಿಂದ ಬಾರ್ ಎಳೆಯಲು ಆಗುವುದಿಲ್ಲ. ಬಾರ್ ನೋಡುವುದು ತಪ್ಪಿದರೆ ಅಲ್ಲೇ ಅನಾಹುತ. ಮಾಸ್ಕ್ ನೋಡಲು, ಜಗಳ ಬಿಡಿಸಲು ಬೇರೆ ಜನ ಇರಬೇಕು. ನಮ್ಮ ಪಾರ್ಕ್ ಮೊದಲ ಕೆಲವು ತಿಂಗಳು ಹಾಗೆ ಬೇರೆ ಸಿಬ್ಬಂದಿ ಇಟ್ಟಿತ್ತು. ಆಮೇಲೆ ಖರ್ಚು ಉಳಿಸಲು ಅವರನ್ನು ತೆಗೆದರು, ನಿಯಮ ಮಾತ್ರ ಗೋಡೆಯ ಮೇಲೆ ಉಳಿಯಿತು. ಅರ್ಧ ಸ್ಟಾರ್ ಹೋದದ್ದು ಇಲ್ಲಿಯೇ.

ಈಗ ಗಾಳಿಯ ವಿಷಯ. ನನ್ನ ಪ್ರಕಾರ ಇಡೀ ವಿಮರ್ಶೆಯಲ್ಲಿ ಓದಬೇಕಾದ ಭಾಗ ಇದು. ಕೈಯಲ್ಲಿ ಹಿಡಿಯುವಂಥ ಒಂದು ಸಣ್ಣ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡಿದ್ದೆ. ಬಯಲಲ್ಲಿ ಅದು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಆಸುಪಾಸು ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಜನ ಉಸಿರು ಬಿಟ್ಟಷ್ಟೂ ಏರುತ್ತದೆ. 800 ದಾಟಿತು ಅಂದರೆ ಹೊಸ ಗಾಳಿ ಸಾಲುತ್ತಿಲ್ಲ ಅಂತ ಸಿಡಿಸಿ ಹೇಳುತ್ತದೆ. ಮೀಟರ್ ವೈರಸ್ಸನ್ನು ಅಳೆಯುವುದಿಲ್ಲ. ಬೇರೆಯವರು ಬಿಟ್ಟ ಉಸಿರನ್ನು ನೀವು ಎಷ್ಟು ಎಳೆದುಕೊಳ್ಳುತ್ತಿದ್ದೀರಿ ಅನ್ನುವ ಅಂದಾಜು ಕೊಡುತ್ತದೆ.

ಪಾರ್ಕಿನಲ್ಲಿ ಹಿಡಿದು ತಿರುಗಿದಾಗ ಗೊತ್ತಾದದ್ದು ಇದು. ಎಲ್ಲರೂ ಹೆದರುವ ರೋಲರ್ ಕೋಸ್ಟರಿನಲ್ಲಿ ಗಾಳಿಯ ಭಯವೇ ಇಲ್ಲ. ಬಯಲು ಜಾಗ, ಜೋರು ಗಾಳಿ, ಎರಡು ಮೂರು ನಿಮಿಷದ ಆಟ. ಮೀಟರ್ ಏರುವುದು ಮೂರು ಕಡೆ. ರೈಡಿಗೆ ಮೊದಲು ಕಥೆ ಹೇಳಲು ಎಲ್ಲರನ್ನೂ ಕೂಡಿಹಾಕುವ ಕತ್ತಲೆ ಕೋಣೆ. ಎಸಿ ಹಾಕಿದ ಒಳಗಿನ ಸಾಲು. ಮಧ್ಯಾಹ್ನ ಒಂದು ಗಂಟೆಯ ಊಟದ ಹಾಲ್. ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ನೋಡನೋಡುತ್ತಲೇ ಸಾವಿರ ದಾಟಿತು. ಊಟದ ಹಾಲಿನಲ್ಲಿ ಮಾಸ್ಕೂ ಇರುವುದಿಲ್ಲ, ಮಾತೂ ಜೋರು, ಕೂರುವ ಹೊತ್ತೂ ಜಾಸ್ತಿ. ಟೇಬಲ್ ನಡುವೆ ನಿಲ್ಲಿಸಿದ ಪ್ಲಾಸ್ಟಿಕ್ ಪರದೆ ಎಂಜಲು ಹಾರುವುದನ್ನು ತಡೆಯಬಹುದು. ಗಾಳಿಯಲ್ಲಿ ಹೊತ್ತುಗಟ್ಟಲೆ ತೇಲುವ ಸಣ್ಣ ಕಣಗಳು ಅದರ ಮೇಲಿಂದ ಸುತ್ತಿ ಬರುತ್ತವೆ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಡಿಸ್ನಿ ವರ್ಲ್ಡ್ ತೆರೆದಾಗ ಹಾಂಟೆಡ್ ಮ್ಯಾನ್ಷನ್ ಅನ್ನುವ ಭೂತದ ಮನೆ ರೈಡಿನ, ಗೋಡೆ ಉದ್ದವಾಗುವ ಆ ಪ್ರಸಿದ್ಧ ಕೋಣೆಯಲ್ಲಿ ಜನರನ್ನು ನಿಲ್ಲಿಸದೆ ನೇರ ನಡೆಸಿಕೊಂಡು ಹೋದರು. ಮೆರವಣಿಗೆಗೆ ಜನ ಒಂದೇ ಕಡೆ ಸೇರಬಾರದು ಅಂತ, ಸಮಯ ಹೇಳದೆ ಸಣ್ಣ ಸಣ್ಣ ಮೆರವಣಿಗೆ ಬಿಟ್ಟರು. ನಮ್ಮ ಪಾರ್ಕ್ ಕೂಡ ಮೊದಲ ವರ್ಷ ಕತ್ತಲೆ ಕೋಣೆ ಮುಚ್ಚಿ, ಊಟವನ್ನು ಹೊರಗೆ ಪೆಂಡಾಲಿನ ಕೆಳಗೆ ಹಾಕಿತ್ತು. ಆ ಪೆಂಡಾಲ್ ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ತೆಗೆದಾಗ ದೂರು ಬರೆದವರಲ್ಲಿ ನಾನೂ ಒಬ್ಬ. ಒಳಗಿನ ಸಾಲಿನ ಗಾಳಿಯ ಬಗ್ಗೆಯೂ ಕೇಳಿದ್ದೆ. ಸ್ಯಾನಿಟೈಸರ್ ಎಲ್ಲೆಲ್ಲಿ ಇಟ್ಟಿದ್ದೇವೆ ಅನ್ನುವ ಪಟ್ಟಿ ಉತ್ತರವಾಗಿ ಬಂತು.

ನೀರಾಟದ ಭಾಗಕ್ಕೆ ಹೆದರುವವರಿಗೆ ಒಂದು ಮಾತು. ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಿಂದ ಈ ಸೋಂಕು ಹರಡುವ ಭಯ ಇಲ್ಲ. ಬಟ್ಟೆ ಬದಲಿಸುವ ಕೋಣೆಯ ಇಕ್ಕಟ್ಟೇ ಅಲ್ಲಿನ ತೊಂದರೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಸೋಂಕಿತರು ಬಂದು ಹೋದದ್ದು ಗೊತ್ತಾದರೆ ಏನು ಮಾಡಬೇಕು? ಶಾಂಘೈಯಲ್ಲಿ 2021ರ ಅಕ್ಟೋಬರ್ 31ರಂದು ಹೀಗೇ ಆಯಿತು. ಹಿಂದಿನ ದಿನ ಬಂದಿದ್ದ ಒಬ್ಬರಿಗೆ ಸೋಂಕು ಇದ್ದದ್ದು ತಿಳಿದು, ಗೇಟ್ ಮುಚ್ಚಿ, ಒಳಗಿದ್ದ ಸುಮಾರು 34,000 ಜನರಿಗೂ ಪರೀಕ್ಷೆ ಮಾಡಿಯೇ ಹೊರಗೆ ಬಿಟ್ಟರು. ಮೇಲೆ ಪಟಾಕಿ ಸಿಡಿಯುತ್ತಿತ್ತು, ಕೆಳಗೆ ಪರೀಕ್ಷೆಯ ಸಾಲು. ಅಷ್ಟು ಬಿಗಿ ಎಲ್ಲ ಕಡೆ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಬುಕಿಂಗ್ ಇದ್ದರೆ ಯಾವ ದಿನ ಯಾರು ಬಂದಿದ್ದರು ಅಂತ ಪಾರ್ಕಿಗೆ ಗೊತ್ತಿರುತ್ತದೆ. ಒಂದು ಮೆಸೇಜ್ ಕಳಿಸುವುದಕ್ಕೆ ಏನು ಕಷ್ಟ? ನಮಗೆ ಅಂಥ ಮೆಸೇಜ್ ಎಂದೂ ಬರಲಿಲ್ಲ. ರಿಯಾಯಿತಿಯ ಮೆಸೇಜ್ ಮಾತ್ರ ವಾರ ತಪ್ಪದೆ ಬರುತ್ತದೆ.

ಈಗಿನ ಸ್ಥಿತಿ ಹೇಳುತ್ತೇನೆ. ಥರ್ಮಾಮೀಟರ್ ಹೋಯಿತು, ಪರದೆ ಹೋಯಿತು, ಸಂತೋಷ. ಹೊರಗಿನ ಊಟವೂ ಹೋಯಿತು. ಜನರ ಮಿತಿ ಮೆಲ್ಲಗೆ ಏರಿ ಏರಿ ಈಗ ಇದ್ದರೂ ಇಲ್ಲದಂತೆ. ಬುಕಿಂಗ್ ಮಾತ್ರ ಬಿಟ್ಟಿಲ್ಲ. ಅದೂ ಹೇಗೆ? ದಿನದ ಟಿಕೆಟ್ ಕೊಳ್ಳುವವರಿಗೆ ಜಾಗ ಇರುತ್ತದೆ, ಅದೇ ದಿನ ಪಾಸಿನವರಿಗೆ ತುಂಬಿದೆ ಅಂತ ತೋರಿಸುತ್ತದೆ. ಗುಂಪು ತಡೆಯಲು ತಂದ ಉಪಾಯ ಈಗ ಟಿಕೆಟ್ ಮಾರುವ ಉಪಾಯ. ಇದು ನಮ್ಮಲ್ಲಿ ಮಾತ್ರ ಅಲ್ಲ. ಕ್ಯಾಲಿಫೋರ್ನಿಯಾ ಡಿಸ್ನಿಲ್ಯಾಂಡಿನ ಡ್ರೀಮ್ ಕೀ ಅನ್ನುವ ವಾರ್ಷಿಕ ಪಾಸಿನ ಮೇಲೆ ಇದೇ ಕಾರಣಕ್ಕೆ ಮೊಕದ್ದಮೆ ಹೂಡಿದರು. 2023ರಲ್ಲಿ ಡಿಸ್ನಿ 95 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು.

ಸಾಲು ತಪ್ಪಿಸುವ ಸೌಲಭ್ಯದ್ದೂ ಅದೇ ಹಾದಿ. ಡಿಸ್ನಿಯ ಫಾಸ್ಟ್‌ಪಾಸ್ 1999ರಿಂದ ಪುಕ್ಕಟೆ ಇತ್ತು. ಕೋವಿಡ್ ಬಂದಾಗ ನಿಲ್ಲಿಸಿದರು. ಡಿಸ್ನಿ ವರ್ಲ್ಡ್‌ಗೆ ತಿರುಗಿ ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಬೇರೆ ಹೆಸರಿನಲ್ಲಿ, ದುಡ್ಡಿಗೆ. ನಮ್ಮ ಪಾರ್ಕಿನ ಫೋನ್ ಸಾಲಿಗೂ ಈಗ ಶುಲ್ಕ ಇದೆ. ದುಡ್ಡು ಕೊಟ್ಟವರು ಮರದ ಕೆಳಗೆ, ಉಳಿದವರು ಎಸಿ ಸಾಲಿನಲ್ಲಿ ಒತ್ತಿಕೊಂಡು. ಜ್ವರದ ಸೀಸನ್ನಿನಲ್ಲಿ ಆ ಸಾಲಿನಲ್ಲಿ ನಿಂತು ನೋಡಿ, ಸುತ್ತ ಕೆಮ್ಮು ಕೇಳಿಸುತ್ತದೆ.

ಹಾಗಾದರೆ ಪಾಸ್ ಕೊಳ್ಳಬಹುದಾ? ವಾರದ ನಡುವೆ ರಜೆ ಸಿಗುವವರು, ಹೊರಗಿನ ರೈಡುಗಳೇ ಇಷ್ಟ ಅನ್ನುವವರು ಕೊಳ್ಳಿ, ಲಾಭ ಇದೆ. ಮನೆಯಲ್ಲಿ ವಯಸ್ಸಾದವರು, ಉಸಿರಾಟದ ತೊಂದರೆ ಇರುವವರು ಇದ್ದು ಶನಿವಾರ ಭಾನುವಾರ ಮಾತ್ರ ಹೋಗಬಲ್ಲಿರಿ ಅಂದರೆ ಸ್ವಲ್ಪ ಯೋಚಿಸಿ. ಕೊಳ್ಳುವ ಮೊದಲು ಪಾರ್ಕಿಗೆ ಇಮೇಲ್ ಮಾಡಿ ಕೇಳಿ: ದಿನಕ್ಕೆ ಎಷ್ಟು ಜನರನ್ನು ಬಿಡುತ್ತೀರಿ, ಒಳಗಿನ ಸಾಲಿಗೆ ಹೊರಗಿನ ಗಾಳಿ ಬರುತ್ತದಾ, ಮುಚ್ಚಬೇಕಾಗಿ ಬಂದರೆ ಪಾಸ್ ಮುಂದಕ್ಕೆ ಹೋಗುತ್ತದಾ. ನನಗೆ ಮೂರನೆಯದಕ್ಕೆ ಮಾತ್ರ ನೇರ ಉತ್ತರ ಬಂತು. ನಿಮಗೆ ಮೊದಲ ಎರಡಕ್ಕೂ ಬರೆದು ಕೊಟ್ಟರೆ ಪಾಸ್ ತೆಗೆದುಕೊಳ್ಳಿ. ಕೊಡದಿದ್ದರೆ ದಿನದ ಟಿಕೆಟ್ ಸಾಕು.